ಗೇರು ಫಸ್ಟಿನಲ್ಲೇ ಇತ್ತು

ಅಣ್ಣಾ,

ನಿನ್ನ ಕಾರ್ಡು ಗುರುವಾರ ಬಂತು. ಇರುವುದು ಮೂರೇ ಸಾಲು. "ಸೋಮವಾರ ಬೆಳಿಗ್ಗೆ ಗಾಡಿ ತೆಗೀತೀನಿ ಪುಟ್ಟಿ, ಹತ್ತೊಂಬತ್ತು ವರ್ಷ ಆದ್ಮೇಲೆ. ಅಂಗಳದಿಂದ ಮೇಲಿನ ಶೆಡ್ಡಿಗೆ ಏರಿಸಿದ್ರೆ ಸಾಕಂತೆ. ಹಳೇ ಲಾರಿ, ನಿಂತಲ್ಲೇ ಟಾಪ್ ಗೇರಲ್ಲಿ ಓಡೋ ಹಾಗೆ ಕಿರಚುತ್ತೆ, ನಮ್ಮದರ ಥರಾನೇ."

ಆ ಕೊನೆಯ ಸಾಲು ಓದಿದ ಮೇಲೆ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು, ಬೇರಿಂಗ್ ಕೇಳಿದವನಿಗೆ ಫ್ಯಾನ್ ಬೆಲ್ಟ್ ಕೊಟ್ಟೆ. ಎರಡು ಸಲ ನಿನಗೆ ಫೋನ್ ಮಾಡಿದೆ. ಎರಡು ಸಲವೂ ನೀನು "ಹೇಳು ಪುಟ್ಟಿ" ಎಂದೆ, ನಾನು "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಮೊದಲು ಎಂಜಿನ್ನಿನ ವಿಷಯ ಬರೆಯುತ್ತೇನೆ, ಆಮೇಲೆ ನನ್ನ ವಿಷಯ. ನನ್ನದನ್ನು ಓದಿ ನೀನು ಕಾಗದ ಹರಿದೆಸೆಯಬಹುದು. ಎಂಜಿನ್ನಿನದ್ದಾದರೂ ತಲೆಯಲ್ಲಿ ಉಳಿಯಲಿ.

ಬಾನೆಟ್ ಎತ್ತಿ ನೋಡು. ಎಂಜಿನ್ನಿನ ಪಕ್ಕೆಗೆ ಉದ್ದನೆಯ ಕಬ್ಬಿಣದ ಪೆಟ್ಟಿಗೆಯೊಂದು ಅಂಟಿಕೊಂಡಿದ್ದರೆ ಅದು ಬ್ಲೋವರ್. ಆ ಎಂಜಿನ್ ತಾನಾಗಿ ಉಸಿರು ಎಳೆದುಕೊಳ್ಳಲಾರದು, ಅದಕ್ಕೆ ಗಾಳಿ ಊದಿ ಕೊಡಬೇಕು. ಪಕ್ಕದ ಸಣ್ಣ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರೆ ಸಿಲಿಂಡರಿನ ಸುತ್ತ ಸಾಲಾಗಿ ತೂತುಗಳು ಕಾಣುತ್ತವೆ. ತೂತು ಕಂಡಿತೋ, ಅದು ಟೂ ಸ್ಟ್ರೋಕ್ ಡೀಸೆಲ್, ಅನುಮಾನವೇ ಬೇಡ. ಬೇರೆ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಹೋಗಿಬಂದರೆ ಒಂದು ಸಿಡಿತ, ಇದರಲ್ಲಿ ಪ್ರತಿ ಸಲಕ್ಕೂ ಒಂದು. ಅದಕ್ಕೇ ಆ ಕಿರಚಾಟ.

ಈಗ ಹೆದರಬೇಕಾದ ಮಾತು. ಈ ಜಾತಿಯ ಹಳೇ ಎಂಜಿನ್ ಉಲ್ಟಾನೂ ಓಡುತ್ತದೆ. ಏರಿನಲ್ಲಿ ಗಾಡಿ ಆಫ್ ಆಗಿ, ಗೇರಿನಲ್ಲೇ ಒಂದು ಗೇಣು ಹಿಂದಕ್ಕೆ ಜಾರಿದರೆ ಸಾಕು, ಎಂಜಿನ್ ಹಿಂದುಮುಂದಾಗಿ ತಿರುಗಿ ಹತ್ತಿಕೊಳ್ಳುತ್ತದೆ. ಸದ್ದು ಕೇಳಿ ಡ್ರೈವರ್ "ಸದ್ಯ, ಮತ್ತೆ ಸ್ಟಾರ್ಟ್ ಆಯ್ತಲ್ಲ" ಅಂದುಕೊಳ್ಳುತ್ತಾನೆ. ಫಸ್ಟ್ ಗೇರಿನಲ್ಲಿ ಕ್ಲಚ್ ಬಿಡುತ್ತಾನೆ. ಗಾಡಿ ಹಿಂದಕ್ಕೆ ಹೋಗುತ್ತದೆ. ಜಾರುತ್ತಿದೆ ಎಂದು ಆಕ್ಸಿಲರೇಟರ್ ಒತ್ತುತ್ತಾನೆ. ಒತ್ತಿದಷ್ಟೂ ಹಿಂದಕ್ಕೇ ನುಗ್ಗುತ್ತದೆ.

ಓದುವುದು ಇಲ್ಲಿ ನಿಲ್ಲಿಸಿದೆಯಾ, ಅಣ್ಣ? ನಿಲ್ಲಿಸಿದ್ದೀಯ. ನನಗೆ ಗೊತ್ತು.

ಇದನ್ನು ನಾನು ಕಲಿತದ್ದು ಆರು ವಾರದ ಹಿಂದೆ. ಯಾರೋ ಒಬ್ಬ ಹಳೇ ಏರ್ ಫಿಲ್ಟರ್ ತಂದು ಕೌಂಟರಿನ ಮೇಲಿಟ್ಟು ಇಂಥದ್ದೇ ಬೇಕೆಂದ. ನಮ್ಮಲ್ಲಿಗೆ ಬರುವ ಮುದುಕ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರೂ ಕಿವಿ ಮೇಸ್ತ್ರಿ ಅನ್ನುತ್ತಾರೆ. ಒಂದು ಕಾಲದಲ್ಲಿ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರಂತೆ, ಈಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅವರು ಫಿಲ್ಟರಿನ ಒಳಗೆ ಬೆರಳಾಡಿಸಿ ಮೂಸಿ ನಕ್ಕರು. "ಧೂಳು ಹೊರಗಿಂದ ಬರುತ್ತೆ, ಮಸಿ ಒಳಗಿಂದ ಬರುತ್ತೆ. ಇದು ಉಲ್ಟಾ ಓಡಿದೆ ಕಣಮ್ಮ. ಮೂಗಲ್ಲಿ ಹೊಗೆ ಬಿಟ್ಟಿದೆ" ಎಂದರು. ಬೆರಳು ನನ್ನ ಮುಂದೆ ಹಿಡಿದರು, ಕಪ್ಪಗಿತ್ತು. ನಾನು ಸ್ಟೂಲಿನ ಮೇಲೆ ಕುಸಿದೆ. ಸಕ್ಕರೆ ಕಾಯಿಲೆಯೋ ಏನೋ ಎಂದು ನೀರು ಕೊಟ್ಟರು, ಪಾಪ.

ಈಗ ನನ್ನ ವಿಷಯ.

ಹತ್ತೊಂಬತ್ತು ವರ್ಷದ ಹಿಂದೆ ಆ ದಿನ ಗೋಡೌನಿನ ಏರಿನಲ್ಲಿ ನಿನ್ನ ಗಾಡಿ ಆಫ್ ಆಯಿತು. ನಾನು ನಿನಗೂ ನಮ್ಮ ಯಜಮಾನರಿಗೂ ಊಟದ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಚಕ್ರಕ್ಕೆ ಮರದ ತುಂಡು ಕೊಡಲು ಇವರು ಹಿಂದೆ ಹೋದರು. ಎಂಜಿನ್ ಮತ್ತೆ ಕಿರಚಿತು. ಆಮೇಲೆ ಇವರು ಗಾಡಿಗೂ ಗೋಡೆಗೂ ನಡುವೆ ಇದ್ದರು. ನೀನು ಸೀಟಿನಲ್ಲಿ ಕಲ್ಲಾಗಿ ಕೂತಿದ್ದೆ. ಮೆಟ್ಟಿಲು ಹತ್ತಿದವಳು ನಾನು. ಆಸರೆಗೆ ಬಾಗಿಲ ಪಕ್ಕದ ಏರ್ ಫಿಲ್ಟರ್ ಹಿಡಿದೆ, ಅದರ ಬಾಯಿಂದ ಬಿಸಿ ಹೊಗೆ ಅಂಗೈಗೆ ಬಡಿಯಿತು. ಎಂಜಿನ್ ನಿಲ್ಲಿಸುವ ಸ್ಟಾಪರ್ ಎಳೆದೆ. ಜನ ಗಾಡಿಯನ್ನು ಮುಂದಕ್ಕೆ ನೂಕಲು ಬಂದರು, "ನ್ಯೂಟ್ರಲ್ ಮಾಡ್ರೋ" ಎಂದು ಕಿರುಚಿದರು. ನಿನ್ನ ಕೈ ಏಳಲಿಲ್ಲ. ನಾನೇ ಗೇರು ಜಗ್ಗಿದೆ.

ಅಣ್ಣಾ, ಗೇರು ಫಸ್ಟಿನಲ್ಲೇ ಇತ್ತು. ನನ್ನ ಕಣ್ಣಾರೆ ಕಂಡೆ, ಇದೇ ಕೈಯಲ್ಲಿ ಬಿಡಿಸಿದೆ.

"ಫಸ್ಟ್ ಪಕ್ಕದಲ್ಲೇ ರಿವರ್ಸು, ಗಾಬರಿಲಿ ತಪ್ಪಿ ಹಾಕಿದಾನೆ" ಎಂದು ಎಲ್ಲರೂ ಆಡಿಕೊಂಡರು. ನೀನು ಒಬ್ಬನೇ "ಫಸ್ಟೇ ಹಾಕಿದ್ದೆ, ಫಸ್ಟೇ ಹಾಕಿದ್ದೆ" ಎನ್ನುತ್ತಿದ್ದೆ. ಮ್ಯಾನೇಜರು ನನ್ನನ್ನು ಕರೆದು "ಗೇರ್ ಎಲ್ಲಿತ್ತಮ್ಮ?" ಎಂದು ಕೇಳಿದರು. "ನೋಡ್ಲಿಲ್ಲ ಸಾರ್" ಎಂದೆ. ಹೆದರಿದ್ದೆ ಅಣ್ಣ. ಫಸ್ಟಿನಲ್ಲಿದ್ದ ಗಾಡಿ ಹಿಂದಕ್ಕೆ ಬಂದಿದೆ ಎಂದರೆ ಬ್ರೇಕ್ ಹೋಗಿದೆ ಎಂದೇ ನಾನು ತಿಳಿದೆ. ಆ ವಾರ ಆ ಗಾಡಿಗೆ ಬ್ರೇಕ್ ಕಟ್ಟಿದವರು ಇವರು. ಕಾಲು ಹೋದ ಮನುಷ್ಯನ ತಲೆಗೆ ಅದನ್ನೂ ಕಟ್ಟುತ್ತಾರಲ್ಲ ಎಂದುಕೊಂಡೆ. ಗಂಡನನ್ನು ಉಳಿಸಲು ಅಣ್ಣನನ್ನು ಕೊಟ್ಟೆ. ಆಸ್ಪತ್ರೆಯ ನಲ್ಲಿಯಲ್ಲಿ ಅಂಗೈಯ ಮಸಿ ತೊಳೆದೆ, ಸೋಪು ಹಾಕಿ ಮೂರು ಸಲ. ಎದುರಿಗೆ ಬಂದ ನಿನಗೆ "ನನ್ನ ಸಂಸಾರ ಹಾಳು ಮಾಡ್ದೆ" ಎಂದೂ ಕೂಗಿದೆ. ನೀನು ತಲೆ ತಗ್ಗಿಸಿಕೊಂಡು ಹೋದೆ. ಸ್ವಲ್ಪ ದಿನಕ್ಕೆ "ಫಸ್ಟೇ ಹಾಕಿದ್ದೆ" ಎನ್ನುವುದನ್ನೂ ಬಿಟ್ಟೆ. ನಿನ್ನ ಕೈಯ ಮೇಲೆ ನಿನಗೇ ನಂಬಿಕೆ ಹೋಗಿತ್ತು. ಸ್ಟೀರಿಂಗ್ ಹಿಡಿದ ಕೈ ಕಾವಲಿನ ಕೋಲು ಹಿಡಿಯಿತು.

ಆರು ವಾರ ಸತ್ಯ ತಿಳಿದೂ ಸುಮ್ಮನಿದ್ದೆ. ನೀನು ಹೇಗಿದ್ದರೂ ಗಾಡಿ ಮುಟ್ಟುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಈಗ ನೀನು ಮುಟ್ಟುತ್ತಿದ್ದೀಯ. ಅದೂ ಅಂಥದ್ದೇ ಗಾಡಿ, ಅಂಥದ್ದೇ ಏರು. ನನಗೆ ದಿಗಿಲು ಯಾಕೆಂದರೆ ನೀನು ಸೋಮವಾರ ನಿನ್ನ ಕೈಯನ್ನೇ ನೋಡುತ್ತೀಯ. ಫಸ್ಟೇ ತಾನೇ ಎಂದು ಹತ್ತು ಸಲ ನೋಡುತ್ತೀಯ. ಕೈ ನೋಡಬೇಡ. ಏರಿನಲ್ಲಿ ಗಾಡಿ ಆಫ್ ಆಗಿ ತಾನಾಗಿ ಹತ್ತಿಕೊಂಡರೆ ಆಯಿಲ್ ಪ್ರೆಶರ್ ಮುಳ್ಳು ನೋಡು. ಎಂಜಿನ್ ಉಲ್ಟಾ ಓಡಿದರೆ ಆಯಿಲ್ ಪಂಪೂ ಉಲ್ಟಾ. ಮುಳ್ಳು ಸೊನ್ನೆಯಲ್ಲಿ ಮಲಗಿದ್ದರೆ, ಫಿಲ್ಟರಿನಿಂದ ಹೊಗೆ ಬರುತ್ತಿದ್ದರೆ ಕ್ಲಚ್ ಬಿಡಲೇಬೇಡ. ಬ್ರೇಕ್ ತುಳಿದುಕೊಂಡೇ ಸ್ಟಾಪರ್ ಎಳಿ. ಪೂರ್ತಿ ನಿಂತ ಮೇಲೆ ಹೊಸದಾಗಿ ಸ್ಟಾರ್ಟ್ ಮಾಡು. ಇಷ್ಟೇ. ಇಷ್ಟು ಗೊತ್ತಿದ್ದಿದ್ದರೆ ಅವತ್ತು ಮೂವರೂ ಕೂತು ಊಟ ಮಾಡುತ್ತಿದ್ದೆವು.

ಇವತ್ತು ಬೆಳಿಗ್ಗೆ ಇವರಿಗೆ ಎಲ್ಲ ಹೇಳಿದೆ. ಕಾಲಿನ ಪಟ್ಟಿ ಬಿಗಿಯುತ್ತಿದ್ದರು, ಕೈ ನಿಂತಿತು. ನಿನ್ನ ಬಗ್ಗೆ ಕೇಳುತ್ತಾರೆಂದುಕೊಂಡೆ. "ನಾನು ಬ್ರೇಕ್ ಸರಿಯಾಗಿ ಕಟ್ಟಿರ್ತೀನಿ ಅಂತ ನಿನಗೆ ಅನ್ನಿಸ್ಲೇ ಇಲ್ವಾ?" ಎಂದರು. ಅಷ್ಟೇ. ಭೂಮಿ ಬಾಯಿಬಿಡಬಾರದೇ ಎನಿಸಿತು. ಇಬ್ಬರಿಗೂ ದ್ರೋಹ ಮಾಡಿ ಇಬ್ಬರನ್ನೂ ಕಾಪಾಡಿದೆ ಎಂದುಕೊಂಡಿದ್ದ ಪೆದ್ದಿ ನಾನು.

ಮಧ್ಯಾಹ್ನ ಅವರೇ ಬ್ಯಾಗಿಗೆ ಎರಡು ಶರಟು ತುರುಕಿದರು. ನಾಳೆ ಭಾನುವಾರದ ಬಸ್ಸಿಗೆ ನಿನ್ನಲ್ಲಿಗೆ ಬರುತ್ತಾರೆ. ಈ ಕಾಗದ ತರುವವರು ಅವರೇ. "ಸೋಮವಾರ ಅವನು ಏರು ಹತ್ತಿಸೋವಾಗ ನಾನೇ ಹಿಂದೆ ನಿಂತು ಸೈಡ್ ಹೇಳ್ತೀನಿ. ಯಾರಾದ್ರೂ ಒಬ್ರು ಅವನ ಕೈ ನಂಬಬೇಕಲ್ಲ" ಎನ್ನುತ್ತಾರೆ. ಕಾಲು ಹಿಡಿದು ಬೇಡಿಕೊಂಡೆ, ಕೇಳಲಿಲ್ಲ. ಹಟದಲ್ಲಿ ನಿನಗಿಂತ ಒಂದು ಕೈ ಮೇಲು.

ಅಣ್ಣಾ, ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ಬೈಯುವುದಾದರೆ ಬಂದು ಎದುರಿಗೇ ಬೈ, ಬಾಗಿಲು ತೆರೆದಿರುತ್ತದೆ. ಒಂದೇ ಬೇಡಿಕೆ. ಇವರನ್ನು ಹಿಂದೆ ನಿಲ್ಲಲು ಬಿಡಬೇಡ. ಕಾರಣ ಕೇಳಿದರೆ ತಂಗಿ ಹೇಳಿದಳು ಎನ್ನು. ಪಕ್ಕದ ಸೀಟಿನಲ್ಲಿ ಕೂರಿಸಿಕೋ, ಮುಳ್ಳು ನೋಡಲಿ. ಹತ್ತಿದರೆ ಇಬ್ಬರೂ ಹತ್ತಿರಿ.

ಚಿಕ್ಕವಳು ದೊಡ್ಡವರನ್ನು ಹರಸಬಾರದು ಅನ್ನುತ್ತಾರೆ. ಇದೊಂದು ಸಲ ಹರಸುತ್ತೇನೆ, ನಿನ್ನ ಕೈ ನಿನಗೆ ವಾಪಸ್ ಸಿಗಲಿ. ಸೋಮವಾರ ಬೆಳಿಗ್ಗೆಯಿಂದ ಫೋನ್ ಹಿಡಿದೇ ಕೂತಿರುತ್ತೇನೆ. ಏನೂ ಹೇಳಬೇಡ, "ಊಟ ಆಯ್ತಾ" ಎಂದು ಕೇಳು ಸಾಕು.

ನಿನ್ನ ಹೆದರುಪುಕ್ಕಲಿ ತಂಗಿ,
ಪುಟ್ಟಿ