ಯೋಲಾಂಕಕ್ಕನ ಅರವತ್ತು ಬಳ್ಳಿಗಳನ್ನು ಕೀಳಿಸುವ ಮುನ್ನ

ಮಾನ್ಯ ಸಸ್ಯ ಸಂರಕ್ಷಣಾಧಿಕಾರಿಗಳೇ,

ಬರುವ ಶುಕ್ರವಾರದೊಳಗೆ ಮೂರಾ ನದಿಯಾಚೆಯ ನಮ್ಮೂರಿನ ಕುಂಬಳದ ಬಳ್ಳಿಗಳನ್ನೆಲ್ಲ ಬುಡಸಮೇತ ಕಿತ್ತು ಹೂಳಬೇಕೆಂಬ ತಮ್ಮ ಆಜ್ಞೆ ಊರ ಸೂಚನೆಗಳನ್ನು ಅಂಟಿಸುವ ಅಗ್ನಿಶಾಮಕ ದಳದ ಕಟ್ಟಡದ ಬಾಗಿಲಿಗೆ ಅಂಟಿಕೊಂಡಿದೆ. ನನ್ನ ಹೊಲದ್ದನ್ನು ನಾನು ಆಗಲೇ ಕಿತ್ತಾಗಿದೆ. ಉಳಿದ ಮನೆಯವರೂ ಕೀಳುತ್ತಿದ್ದಾರೆ. ಆದರೆ ಹಳ್ಳದಾಚೆ ಯೋಲಾಂಕಕ್ಕನ ಅರವತ್ತು ಬಳ್ಳಿಗಳಿವೆ, ಅವುಗಳ ಒಂದೆಲೆಯಲ್ಲೂ ರೋಗವಿಲ್ಲ. ಅವನ್ನೂ ಕಿತ್ತರೆ ನಮ್ಮ ಅಜ್ಜಿಯರ ಕಾಲದಿಂದ ಉಳಿಸಿಕೊಂಡು ಬಂದ, ಸಿಪ್ಪೆಯೇ ಇಲ್ಲದ ಎಣ್ಣೆಬೀಜದ ತಳಿ ಈ ಊರಲ್ಲಿ ನಿರ್ವಂಶವಾಗುತ್ತದೆ. ತಮ್ಮ ಕಚೇರಿಗೆ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲದ ಕಾರಣ ಪತ್ರಿಕೆಯ ಮೂಲಕ ತಮ್ಮ ಘನ ಗಮನವನ್ನು ಬೇಡುತ್ತಿದ್ದೇನೆ.

ರೋಗ ಎಲ್ಲಿಂದ ಬಂತು ಎಂದು ತಾವು ಆಜ್ಞೆಯಲ್ಲಿ ಬರೆದಿಲ್ಲ. ನಾನು ಬರೆಯುತ್ತೇನೆ. ಹೋದ ವರ್ಷ ಜುಲೈನಲ್ಲಿ ನನ್ನ ಹೊಲದ ನಾಲ್ಕು ಬಳ್ಳಿಗಳ ಎಲೆ ಹಳದಿ ಹಸಿರಾಗಿ ಮಚ್ಚೆಗಟ್ಟಿ ಮುರುಟಿದವು, ಕಾಯಿಯ ಮೇಲೆ ಗಂಟು ಎದ್ದವು. ಎಲೆಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ತಮ್ಮ ಕಚೇರಿಗೆ ಕೊಟ್ಟು ಬಂದೆ. ವಾರದ ನಂತರ ಫೋನ್ ಮಾಡಿದಾಗ ತಮ್ಮ ಸಿಬ್ಬಂದಿಯೊಬ್ಬರು ಹೇಳಿದ್ದು ಇಷ್ಟು: “ಅಮ್ಮಾ, ಅದು ರೋಗ ಅಲ್ಲ, ಗೊಬ್ಬರ ಸಾಲ್ದೆ ಹಂಗಾಗಿದೆ. ಎಲೆಹೇನಿಗೆ ಒಂದ್ಸಲ ಔಷಧಿ ಹೊಡೀರಿ, ಎಲ್ಲಾ ಸರಿಹೋಗುತ್ತೆ.”

ಹೂ ಬಿಟ್ಟ ಹೊಲಕ್ಕೆ ಹೊಡೆದೆ. ಹೇನು ಸಾಯುವ ಮೊದಲೇ ಚುಚ್ಚಿ ಬಳ್ಳಿಯಿಂದ ಬಳ್ಳಿಗೆ ನಂಜು ದಾಟಿಸಿರುತ್ತದೆ, ಔಷಧಿಗಿಂತ ಆ ನಾಲ್ಕು ಬಳ್ಳಿಗಳನ್ನು ಅಂದೇ ಕಿತ್ತುಹಾಕುವುದು ಮೇಲು ಎಂದು ನನಗೆ ಯಾರು ಹೇಳಬೇಕಿತ್ತು? ಅದಕ್ಕೆಂದೇ ಸರ್ಕಾರ ತಮ್ಮನ್ನು ಕೂರಿಸಿದೆ ಎಂದು ನಾನು ತಿಳಿದಿದ್ದೆ. ಆ ಔಷಧಿಗೆ ಸತ್ತದ್ದು ಪಕ್ಕದ ಕಲ್ಮಾನನ ಜೇನು. ಅವನು ಇವತ್ತಿಗೂ ನನ್ನ ಮುಖ ನೋಡಿ ಮಾತಾಡುವುದಿಲ್ಲ.

ಪ್ರಯೋಗಾಲಯದ ವರದಿ ಬಂದೇ ಬಂತು, ಹತ್ತು ತಿಂಗಳಾದ ಮೇಲೆ, ಈ ಮೇ ತಿಂಗಳ ಕೊನೆಗೆ. “ನಂಜುರೋಗ ದೃಢಪಟ್ಟಿದೆ. ಈ ಬೆಳೆಯ ಬೀಜವನ್ನು ಬಿತ್ತನೆಗೆ ಬಳಸಕೂಡದು.” ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಿರಿ. ಅಷ್ಟರಲ್ಲಿ ಬಿತ್ತನೆ ಮುಗಿದು ಬಳ್ಳಿ ಕುಡಿ ಚಾಚಿತ್ತು.

ಈಗ ನನ್ನ ಪಾಲಿನ ತಪ್ಪು. ಅಕ್ಟೋಬರಿನಲ್ಲಿ ನಮ್ಮಲ್ಲಿ ಹೆಂಗಸರೆಲ್ಲ ಒಂದು ಮನೆಯ ಅಂಗಳದಲ್ಲಿ ಕೂತು ಕಾಯಿ ಒಡೆದು ಬೀಜ ಬಿಡಿಸುತ್ತೇವೆ. ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ. ಮನೆಯೊಡತಿ ಎಲ್ಲಕ್ಕಿಂತ ದಪ್ಪ ಬೀಜ ಆರಿಸಿ ಒಬ್ಬೊಬ್ಬರ ಮಡಿಲಿಗೆ ಒಂದೊಂದು ಹಿಡಿ ಹಾಕಬೇಕು, ಅವರು ಅದನ್ನು ವಸಂತದಲ್ಲಿ ತಮ್ಮ ಬೀಜದ ಜೊತೆ ಬೆರೆಸಿ ಬಿತ್ತಬೇಕು. ಹೋದ ವರ್ಷ ಸರದಿ ನನ್ನದು. ಹದಿನಾಲ್ಕು ಮನೆಗೆ ನನ್ನ ಕೈಯಾರೆ ಹಾಕಿದೆ. ನೂರರಲ್ಲೊಂದು ಬೀಜದಲ್ಲಿ ನಂಜಿದ್ದರೆ ಸಾಕಂತೆ, ಮಿಕ್ಕಿದ್ದನ್ನು ಹೇನು ನೋಡಿಕೊಳ್ಳುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಂಡಿದ್ದೇನೆ. ತಮ್ಮ ಕಚೇರಿಯಲ್ಲಿ ಯಾರಾದರೂ ಮುಟ್ಟಿಕೊಂಡರೇ?

ಹದಿನೈದನೆಯ ಮನೆ ಯೋಲಾಂಕಕ್ಕನದು. ಅವಳನ್ನು ನಾನು ಕರೆದಿರಲಿಲ್ಲ. ಗಾಣದ ಮುಂದೆ ನಾಲ್ಕು ಜನರೆದುರು “ಎತೆಲ್ಕಾ, ನಿನ್ನ ಎಣ್ಣೆ ಸೀದ ವಾಸನೆ ಬರ್ತಿದೆ ಕಣೆ” ಎಂದಿದ್ದಳು, ಆ ಸಿಟ್ಟು. ಬೀಜ ಬಿಡಿಸಲು ಕರೆಯದೆ ಬಿಡುವುದು ನಮ್ಮಲ್ಲಿ ಸತ್ತವರ ಲೆಕ್ಕಕ್ಕೆ ಸೇರಿಸಿದಂತೆ. ಆ ಪಾಪವನ್ನು ತಿಳಿದೂ ತಿಳಿದೂ ಮಾಡಿದೆ. ಹೀಗಾಗಿ ಅವಳಿಗೆ ನನ್ನ ಹಿಡಿ ಬೀಜ ಸಿಗಲಿಲ್ಲ. ಡಬ್ಬಿಯಲ್ಲಿದ್ದ ತನ್ನ ಹಳೆಯ ಬೀಜವನ್ನೇ ಬಿತ್ತಿದಳು. ಹೊಲದ ಸುತ್ತ ಮುಸುಕಿನ ಜೋಳ ಆಳೆತ್ತರ ನಿಂತು ಹೇನನ್ನು ತಡೆದಿದೆ.

ಹೋದ ಭಾನುವಾರ ಹಳ್ಳ ದಾಟಿ ಹೋದೆ. ಜೋಳದ ಅಂಚಿನಲ್ಲಿ ಕಳೆ ಕೀಳುತ್ತಿದ್ದವಳು ತಲೆಯೆತ್ತಿದಳು.

“ಏನೇ, ದಾರಿ ತಪ್ಪಿ ಬಂದ್ಯಾ?”

“ಎಲೆ ನೋಡೋಕೆ ಬಂದೆ ಯೋಲಾಂಕಕ್ಕ.”

“ನೋಡು. ದೃಷ್ಟಿ ಮಾತ್ರ ಹಾಕ್ಬೇಡ.”

ಒಂದೊಂದು ಬಳ್ಳಿಯ ಒಂದೊಂದು ಎಲೆಯನ್ನೂ ಮಗುಚಿ ನೋಡಿದೆ. ಕಡೆಯ ಸಾಲಿಗೆ ಬಂದಾಗ ಅಳು ತಡೆಯಲಾಗಲಿಲ್ಲ, ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ. ಎಲ್ಲ ಎಲೆಗಳೂ ಹಸಿರಾಗಿದ್ದವು.

ಮರುದಿನ ತಮ್ಮ ತಪಾಸಣಾಧಿಕಾರಿಗಳು ಊರಿಗೆ ಬಂದಾಗ ಕೈಮುಗಿದು ಕೇಳಿಕೊಂಡೆ. ಕಾರಿನಿಂದ ಇಳಿಯದೆ ಉತ್ತರ ಕೊಟ್ಟರು: “ಊರು ಅಂದ್ರೆ ಇಡೀ ಊರು ಕಣಮ್ಮ. ನಕ್ಷೇಲಿ ಆ ಹೊಲಕ್ಕೆ ಬೇರೆ ಬಣ್ಣ ಇಲ್ವಲ್ಲ.” ಹಾಗಾದರೆ, ಮಾನ್ಯರೇ, ಬಣ್ಣ ಹಚ್ಚುವುದು ಯಾರ ಕೆಲಸ? ರೋಗ ಇದ್ದಾಗ ಇಲ್ಲವೆಂದಿರಿ, ಇಲ್ಲದಲ್ಲಿ ಇದೆ ಎನ್ನುತ್ತಿದ್ದೀರಿ. ಪೇಟೆಯ ಮಿಶ್ರತಳಿ ಬೀಜ ತಂದು ಬಿತ್ತಿ ಎಂಬ ಬುದ್ಧಿವಾದವನ್ನೂ ಕೇಳಿದೆ. ಅದರ ಕಾಯಿಯಿಂದ ಬೀಜ ಉಳಿಸಿಕೊಂಡರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ. ಅದನ್ನು ಯಾರ ಮಡಿಲಿಗೆ ಹಾಕಲಿ?

ನಾನು ಕ್ಷಮೆ ಕೇಳುತ್ತಿಲ್ಲ, ಪರಿಹಾರವನ್ನೂ ಕೇಳುತ್ತಿಲ್ಲ. ಬುಧವಾರದೊಳಗೆ ಒಬ್ಬರನ್ನು ಕಳಿಸಿ. ಒಂದು ಕತ್ತರಿ, ಒಂದು ಚೀಲ ಸಾಕು. ಅರವತ್ತು ಬಳ್ಳಿಗಳಿಂದಲೂ ಎಲೆ ತೆಗೆದುಕೊಂಡು ಹೋಗಲಿ, ಹತ್ತು ತಿಂಗಳಲ್ಲಲ್ಲ, ಹತ್ತು ದಿನದಲ್ಲಿ ಫಲಿತಾಂಶ ಕೊಡಿ. ಅಲ್ಲಿಯವರೆಗೆ ಆ ಹೊಲವನ್ನು ಮುಟ್ಟುವುದಿಲ್ಲವೆಂದು ಬರೆದುಕೊಡಿ. ಒಂದೇ ಒಂದು ಎಲೆಯಲ್ಲಿ ನಂಜು ಸಿಕ್ಕರೂ ಅರವತ್ತನ್ನೂ ನಾನೇ ಕಿತ್ತು, ನಾನೇ ಗುಂಡಿ ತೋಡಿ ಹೂಳುತ್ತೇನೆ. ತಮ್ಮವರು ಕಾರಿನಲ್ಲೇ ಕೂತು ನೋಡಬಹುದು.

ಆ ಭಾನುವಾರ ಹೊರಡುವಾಗ ಯೋಲಾಂಕಕ್ಕ ಬೇಲಿಯವರೆಗೆ ಬಂದಳು. “ಇವು ಉಳಿದ್ರೆ ಅಕ್ಟೋಬರಲ್ಲಿ ಬೀಜ ಬಿಡ್ಸೋಕೆ ಬಾ,” ಎಂದಳು. “ಹದಿನಾಲ್ಕು ಮನೆಗೂ ಹೇಳ್ತೀನಿ. ನಿನ್ನಂಗೆ ಯಾರನ್ನೂ ಬಿಡಲ್ಲ.”

ಆ ಕರೆಗೆ ಹೋಗುವ ಭಾಗ್ಯ ನನಗುಂಟೋ ಇಲ್ಲವೋ, ತಾವೇ ತಿಳಿಸಬೇಕು.

ಇಂತಿ,
ಹದಿನಾಲ್ಕು ಮಡಿಲಿಗೆ ರೋಗ ಹಾಕಿದ ಕೈಯಿಂದಲೇ ಬರೆದ,
ಎತೆಲ್ಕಾ ಬೊಕನ್
ಮೂರಾ ನದಿಯಾಚೆಯ ಸೀಮೆ, ಸ್ಲೊವೇನಿಯಾ