ಕಪಾಟಿನ ಬಣ್ಣ

ಯಜಮಾನರಿಗೆ ಬಣ್ಣದಕ್ಕನ ನಮಸ್ಕಾರ.

ಆರು ವರ್ಷಗಳಿಂದ ನಿಮ್ಮ ಆಟಿಕೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ತಪಾಸಣೆಗೆ ಕಳಿಸುವವಕ್ಕೆ ಕಪಾಟಿನ ಬಣ್ಣ, ಅಂಗಡಿಗೆ ಹೋಗುವವಕ್ಕೆ ಡ್ರಮ್ಮಿನ ಬಣ್ಣ. “ಡ್ರಮ್ಮಿಂದು ಬೇಗ ಒಣಗುತ್ತೆ, ಅಷ್ಟೇ ವ್ಯತ್ಯಾಸ” ಅಂದಿದ್ದಿರಿ. ನಂಬಿದ್ದೆ. ನಮ್ಮ ಬೀದಿಯ ಮಕ್ಕಳಿಗೂ ಆ ಆಟಿಕೆಗಳನ್ನು ನಾನೇ ಹಂಚಿದ್ದೆ.

ಹೋದ ವಾರ ಮೊಮ್ಮಗಳಿಗೆಂದು ಒಂದು ಬಾತುಕೋಳಿ ಕೇಳಿದಿರಿ. ಅಂಗಡಿಗೆಂದು ಒಣಗಲು ಇಟ್ಟಿದ್ದವುಗಳಲ್ಲೇ ಒಂದನ್ನು ಎತ್ತಿ ಕೊಟ್ಟೆ. ನೀವು ಕೈ ಹಿಂದಕ್ಕೆ ಎಳೆದುಕೊಂಡಿರಿ.

“ಅದು ಬೇಡಮ್ಮಾ, ಮಗೂಗೆ ಹಲ್ಲು ಬರ್ತಿದೆ, ಕಚ್ಚುತ್ತೆ. ಕಪಾಟಿನ ಬಣ್ಣದ್ದು ಕೊಡು.”

ನೀವು ಹೋದ ಮೇಲೆ ಡ್ರಮ್ಮಿನ ಹಿಂಬದಿಯ ಚೀಟಿ ಓದಿದೆ. ಸೀಸವಿದೆ, ಕಬ್ಬಿಣದ ಗೇಟುಗಳಿಗೆ ಮಾತ್ರ ಎಂದು ಬರೆದಿದೆ.

ಇಂದು ತಪಾಸಣೆಗೆ ಹೋದ ಹನ್ನೆರಡು ಬಾತುಕೋಳಿಗಳಿಗೂ ಡ್ರಮ್ಮಿನ ಬಣ್ಣವನ್ನೇ ಹಚ್ಚಿದ್ದೇನೆ. ವರದಿ ಬರಲು ಹತ್ತು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಅಂಗಡಿಗಳಿಂದ ಮಾಲು ವಾಪಸ್ ತರಿಸಿ. ನಮ್ಮ ಬೀದಿಯವನ್ನು ನಾನೇ ಮನೆಮನೆಗೆ ಹೋಗಿ, ಕಾರಣ ಹೇಳಿ ತರುತ್ತೇನೆ.

ನಾಳೆಯೂ ಎಂಟಕ್ಕೆ ಕೆಲಸಕ್ಕೆ ಬರುತ್ತೇನೆ. ಡ್ರಮ್ಮಿಗೆ ಮಾತ್ರ ಕುಂಚ ಅದ್ದುವುದಿಲ್ಲ.

ಮೊಮ್ಮಗಳ ಬಗ್ಗೆ ಹೆದರಬೇಡಿ. ಅವಳಿಗೆ ಕೊಟ್ಟದ್ದು ಕಪಾಟಿನ ಬಣ್ಣದ್ದೇ.

ಇತಿ,
ಬಣ್ಣದಕ್ಕ