ಕರಟದ ಕಾಫಿ

ಬೆಂಗಳೂರು ಆಸ್ಪತ್ರೆ, ೧೯೬೨

ಗುಬ್ಬಿಯಲ್ಲಿರುವ ನಮ್ಮ ಯಜಮಾನರಿಗೆ ನಮಸ್ಕಾರ.

ಗರ್ಭಕೋಶದ ಕ್ಯಾನ್ಸರಿಗೆ ಕರೆಂಟು ಕೊಡೋದು, ಅದೇ ರೇಡಿಯಂ ಚಿಕಿತ್ಸೆ, ನಡೀತಾ ಇದೆ. ಕೌಸಲ್ಯ ಅನ್ನೋ ನರ್ಸಮ್ಮ ದಿನಾ ಪಕ್ಕದಲ್ಲಿ ಕೂತು ಧೈರ್ಯ ಹೇಳ್ತಾರೆ, ಕಾಯಿಲೆ ವಿಷಯ ತಿಳಿಸಿಕೊಡ್ತಾರೆ. ಇಂಥ ಕಾಯಿಲೆ ಬಂತಲ್ಲ ಅಂತ ನನ್ನ ನಡತೆ ವಿಚಾರಿಸೋಕೆ ನೀವೇ ಅವರಿಗೆ ಹೇಳಿಟ್ಟಿದ್ದೀರಿ ಅಂತ ಅನುಮಾನಪಟ್ಟು ಮೊದಲು ನಾನು ಬಾಯೇ ಬಿಡಲಿಲ್ಲ. ನಿನ್ನೆ ಅವರು, ಇದು ಎಂಜಲಿಂದ ಅಂಟೋದಿಲ್ಲ ಅಂತ ಹೇಳಿ, ನಾನು ಕುಡಿದಿಟ್ಟ ಲೋಟದಲ್ಲೇ ನೀರು ಕುಡಿದು ತೋರಿಸಿದರು. ಅವರ ಮೇಲಿದ್ದ ಅನುಮಾನ ಹೋಯ್ತು, ಈಗ ಅನುಮಾನ ನಿಮ್ಮ ಮೇಲೆ.

ಹೋದ ಸಲ ನನ್ನ ನೋಡೋಕೆ ಬಂದಾಗ ನನಗೆ ತೆಂಗಿನ ಕರಟದಲ್ಲಿ ಕಾಫಿ ಕೊಟ್ಟಿರಿ. ಲೋಟ ಮರೆತೆ ಅಂದಿರಿ. ಲೋಟ ಮರೆತವರು ಊರಿಂದ ಕರಟ ಮಾತ್ರ ಹೇಗೆ ತಂದಿರಿ?

ಮದುವೆಯಾದಾಗಿನಿಂದ ನೀವು ಉಂಡ ತಟ್ಟೆಯಲ್ಲೇ ಉಂಡಿದ್ದೀನಿ. ಭಾನುವಾರ ನನ್ನ ಲೋಟ ತನ್ನಿ. ಅರ್ಧ ಕಾಫಿ ಕುಡಿದು ಕೊಡ್ತೀನಿ. ಉಳಿದದ್ದನ್ನ ನೀವು ಕುಡಿಯೋದನ್ನ ನಾನು ನೋಡಬೇಕು.

ಇಂತಿ ನಿಮ್ಮ,
ಶಿವರುದ್ರಮ್ಮ